ಎದುರಾಳಿಯ ಮಾತಲ್ಲೇ ಪಂಚ್: ಮುಂಬ್ರಾ ಕಡೆಯವರಿಗೆ ಬ್ಯಾಟಲ್ ರ‍್ಯಾಪ್ ಪಾಠ

ಬ್ಯಾಟಲ್ ರ‍್ಯಾಪ್ ನೋಡಲು ಮೊದಲ ಸಲ ಹೋದವರಿಗೆ ಒಂದು ಸಂಗತಿ ತಲೆಗೆ ಹತ್ತುವುದಿಲ್ಲ. ಒಬ್ಬ ವಾರಗಟ್ಟಲೆ ಕೂತು ಬರೆದು, ತಿದ್ದಿ, ಬಾಯಿಪಾಠ ಮಾಡಿಕೊಂಡು ಬಂದ ಸಾಲು ಹೇಳುತ್ತಾನೆ. ಪ್ರಾಸ ಪಕ್ಕಾ, ಕಲ್ಪನೆ ಚೆನ್ನ. ಗುಂಪು 'ಓಹೋ' ಎಂದು ಸುಮ್ಮನಾಗುತ್ತದೆ. ಎದುರಿಗಿದ್ದವನು ಆ ಸಾಲಿನ ಬಾಲ ಹಿಡಿದು ತಿರುಗಿಸಿ ಒಂದು ಮಾತು ಬಿಡುತ್ತಾನೆ. ಕಾಗದದ ಮೇಲೆ ಬರೆದಿಟ್ಟರೆ ಏನೂ ಅನ್ನಿಸದ ಮಾತು. ಅಷ್ಟಕ್ಕೇ ಜನ ಹುಚ್ಚೆದ್ದು ಕುಣಿಯುತ್ತಾರೆ, ಪಕ್ಕದವನ ಹೆಗಲು ಹಿಡಿದು ನಗುತ್ತಾರೆ. ಮಾತು ಈಗ, ತಮ್ಮ ಕಣ್ಣೆದುರೇ ಹುಟ್ಟಿತೆಂಬುದಕ್ಕೆ ಅವರಿಗೆ ಪುರಾವೆ ಸಿಕ್ಕಿರುತ್ತದೆ. ನಗು ಬರುವುದು ಆ ಪುರಾವೆಗೆ.

ಆ ನಗುವನ್ನು ಹುಟ್ಟಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಮುಂಬ್ರಾ, ಕಳವಾ, ಡೊಂಬಿವಲಿ, ವಾಶಿ ಕಡೆ ಮನೆಯಲ್ಲಿ ಕನ್ನಡವೋ ತುಳುವೋ, ಶಾಲೆಯಲ್ಲಿ ಮರಾಠಿಯೋ ಇಂಗ್ಲಿಷೋ, ಗಲ್ಲಿಯಲ್ಲಿ ಬಂಬಯ್ಯಾ ಹಿಂದಿಯೋ ಆಡುತ್ತ ಬೆಳೆದ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಪ್ಪ ಅಮ್ಮಂದಿರೂ ಓದಬಹುದು. 'ಇದೇನು ಬೈದಾಡೋ ಆಟ' ಎಂಬ ಅವರ ಗೊಣಗಾಟಕ್ಕೆ ಅರ್ಧ ಉತ್ತರವಾದರೂ ಸಿಕ್ಕೀತು.

ಮುಂಬಯಿಯ ಹಿಪ್‌ಹಾಪ್ ಎಂದರೆ ಧಾರಾವಿ, ಕುರ್ಲಾ, ಅಂಧೇರಿ ಎಂದೇ ಮಾತು. ನೇಜಿ ಕುರ್ಲಾದವನು, ಡಿವೈನ್ ಅಂಧೇರಿಯವನು. 2015ರ 'ಮೇರೆ ಗಲ್ಲೀ ಮೇ' ಹಾಡು, 2019ರ 'ಗಲ್ಲಿ ಬಾಯ್' ಸಿನಿಮಾ ಆದ ಮೇಲೆ ಅದು ಊರಿಗೆಲ್ಲ ಗೊತ್ತಾಯಿತು. ಆದರೆ ಸೆಂಟ್ರಲ್ ಲೈನಿನ ಈ ತುದಿಯೂ ಲೆಕ್ಕದಿಂದ ಹೊರಗಿಲ್ಲ. ಡೀ ಎಂಸಿ ಎಂದು ಹೆಸರಾದ ದೀಪಾ ಉಣ್ಣಿಕೃಷ್ಣನ್ ಕಲ್ಯಾಣದಲ್ಲಿ ಬೆಳೆದ ಮಲಯಾಳಿ ಮನೆಯ ಹೆಣ್ಣುಮಗಳು. 'ಬಂಟಾಯಿ' ಎಂಬ ಮುಂಬಯಿ ಗಲ್ಲಿ ಪದವನ್ನೇ ಹೆಸರಿಗೆ ಅಂಟಿಸಿಕೊಂಡ ಎಮಿವೇ ಹುಟ್ಟಿದ್ದು ನಮ್ಮ ಬೆಂಗಳೂರಲ್ಲಿ. ಅವನೂ ಇನ್ನೊಬ್ಬ ರ‍್ಯಾಪರ್ ರಫ್ತಾರನೂ 2018ರಲ್ಲಿ ಒಬ್ಬರ ಮೇಲೊಬ್ಬರು ಬಿಟ್ಟ ಡಿಸ್ ಹಾಡುಗಳನ್ನು ಕೇಳಿ, ಬ್ಯಾಟಲ್ ಎಂದರೆ ಇದೇ ಎಂದುಕೊಂಡವರು ಬಹಳ. ಡಿಸ್ ಹಾಡನ್ನು ಸ್ಟುಡಿಯೋದಲ್ಲಿ ಹತ್ತು ಸಲ ಅಳಿಸಿ ಬರೆಯಬಹುದು. ಬ್ಯಾಟಲ್‌ನಲ್ಲಿ ಎದುರಾಳಿ ನಾಲ್ಕಡಿ ದೂರದಲ್ಲಿ ನಿಂತು ನಿಮ್ಮ ಕಣ್ಣನ್ನೇ ನೋಡುತ್ತಿರುತ್ತಾನೆ.

ಬ್ಯಾಟಲ್‌ನಲ್ಲೂ ಎರಡು ಜಾತಿ. ಅಮೆರಿಕದ ಅಲ್ಟಿಮೇಟ್ ರ‍್ಯಾಪ್ ಲೀಗ್, ಟೊರಾಂಟೊದ ಕಿಂಗ್ ಆಫ್ ದ ಡಾಟ್, ಫಿಲಿಪ್ಪೀನ್ಸ್‌ನ ಫ್ಲಿಪ್‌ಟಾಪ್ ಇವೆಲ್ಲ 2008ರಿಂದ 2010ರ ನಡುವೆ ಶುರುವಾದ ಲೀಗುಗಳು. ಇವುಗಳಲ್ಲಿ ಬೀಟ್ ಇರುವುದಿಲ್ಲ, ಬಹುಪಾಲು ಮೊದಲೇ ಬರೆದು ತಂದದ್ದು. ಸ್ಪ್ಯಾನಿಷ್ ಆಡುವ ದೇಶಗಳಲ್ಲಿ 2005ರಿಂದ ನಡೆಯುತ್ತಿರುವ ರೆಡ್‌ಬುಲ್ ಬಟಾಲ್ಯಾದಲ್ಲಿ ಬೀಟ್ ಹಾಕಿ ಸ್ಥಳದಲ್ಲೇ ಕಟ್ಟಿ ಹೇಳಬೇಕು. ಮುಂಬಯಿ, ದಿಲ್ಲಿಗಳಲ್ಲಿ ಸ್ಪಿಟ್ ಡೋಪ್‌ನಂಥ ವೇದಿಕೆಗಳು ಬ್ಯಾಟಲ್ ನಡೆಸಿದವು. ಕಾಲೇಜು ಫೆಸ್ಟುಗಳಲ್ಲಿ ಎರಡೂ ಸೇರಿದ ಖಿಚಡಿ. ಹಾಗಾಗಿ ಹೆಸರು ಕೊಡುವ ಮೊದಲು ಆಯೋಜಕರನ್ನು ಕೇಳಬೇಕಾದದ್ದು ಇಷ್ಟು: ಬೀಟ್ ಇದೆಯೋ ಇಲ್ಲವೋ, ಎಷ್ಟು ರೌಂಡು, ರೌಂಡಿಗೆ ಎಷ್ಟು ಸೆಕೆಂಡು, ಎದುರಾಳಿ ಯಾರೆಂದು ಮೊದಲೇ ಹೇಳುತ್ತೀರೋ ವೇದಿಕೆಯಲ್ಲೇ ಚೀಟಿ ಎತ್ತುತ್ತೀರೋ.

ನಗಿಸುವವನಿಗೂ ಚುಚ್ಚುವವನಿಗೂ ನಡುವಿನ ಜಗಳ ಈ ಕಲೆಯಷ್ಟೇ ಹಳೆಯದು. 1981ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ವರ್ಲ್ಡ್ ಕ್ಲಬ್ಬಿನಲ್ಲಿ ಬಿಜಿ ಬೀ ಎಂಬವನು ಎಂದಿನಂತೆ ಜನರನ್ನು ಕೂಗಿಸಿ, ನಗಿಸಿ, ಕುಣಿಸಿ ಇಳಿದ. ಅವನ ಹಿಂದೆಯೇ ಕೂಲ್ ಮೋ ಡೀ ಹತ್ತಿದ. ಬಿಜಿ ಬೀಯ ಪೇಟೆಂಟ್ ಪಲ್ಲವಿಯನ್ನೇ ಅಣಕಿಸಿ, ಅವನ ಒಂದೊಂದೇ ಗುಟ್ಟು ಬಿಚ್ಚಿ, ನೀರಿಳಿಸಿಬಿಟ್ಟ. ಅಂದಿನಿಂದ ಬರೀ ರಂಜನೆ ಸಾಲದು, ಎದುರಿಗಿರುವವನ ಮೇಲೆಯೇ ಮಾತು ಬೀಳಬೇಕು ಎಂಬುದು ನಿಯಮವಾಯಿತು. ಇದನ್ನು ಹಾಸ್ಯದ ಸೋಲು ಎಂದು ಬರೆಯುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅಣಕಿಸಿದ್ದೂ ಹಾಸ್ಯವೇ ತಾನೆ? ಊರಿಗೆಲ್ಲ ಹಂಚುತ್ತಿದ್ದ ನಗುವನ್ನು ಕೂಲ್ ಮೋ ಡೀ ಒಬ್ಬನ ತಲೆಗೆ ಗುರಿಯಿಟ್ಟ, ಅಷ್ಟೆ.

ನಮ್ಮ ಹಿರಿಯರ ಬ್ಯಾಟಲ್

ಕನ್ನಡಿಗರಿಗೆ ಇದು ಅಮೆರಿಕದಿಂದ ಬಂದ ಹೊಸ ಸರಕು ಅಂತ ಅನ್ನಿಸಬೇಕಾಗಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಹರದೇಶಿ-ನಾಗೇಶಿ ಹಾಡಿಕೆಯಲ್ಲಿ ಒಂದು ಮೇಳ ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ರಾತ್ರಿಯಿಡೀ ಸವಾಲು-ಜವಾಬು. ಅದೇ ಜಗಳ ಮಹಾರಾಷ್ಟ್ರದಲ್ಲಿ ಕಲ್ಗಿ-ತುರಾ. ಕೊಂಕಣದವರ ಶಕ್ತಿ-ತುರಾ ಸಾಮ್ನೆಗಳಿಗೆ ಮುಂಬಯಿ, ಠಾಣೆ ಕಡೆಯ ನಾಟ್ಯಗೃಹಗಳಲ್ಲಿ ಇವತ್ತಿಗೂ ಟಿಕೆಟ್ ಕೊಂಡು ಜನ ಬರುತ್ತಾರೆ. ಮುಂಬ್ರಾದ ಉರ್ದು ಮನೆಗಳಿಗೆ ಕವ್ವಾಲಿ ಮುಕಾಬಲಾ ಗೊತ್ತು. ಕರಾವಳಿಯವರಿಗಂತೂ ವೇಷ ಕಟ್ಟದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆ ಇದೆ.

ಬ್ಯಾಟಲ್ ಕಲಿಯುವವರಿಗೆ ನಾನು ಮೊದಲು ಹೇಳುವುದು, ಒಂದು ತಾಳಮದ್ದಳೆ ನೋಡಿ ಅಂತ. ಮುಂಬಯಿಯಲ್ಲಿ ಅದಕ್ಕೆ ಬರವಿಲ್ಲ. ಅಜೆಕಾರು ಕಲಾಭಿಮಾನಿ ಬಳಗದಂಥ ಸಂಘಟನೆಗಳು ಊರಿನ ಅರ್ಥಧಾರಿಗಳನ್ನು, ಅಂದರೆ ಪಾತ್ರದ ಮಾತು ಆಡುವವರನ್ನು, ಕರೆಸಿ ಮಳೆಗಾಲದಲ್ಲಿ ಸರಣಿ ನಡೆಸುತ್ತವೆ. ಅಲ್ಲಿ ಪ್ರಸಂಗ ಗೊತ್ತು, ಭಾಗವತರ ಪದ ಗೊತ್ತು, ಕೊನೆಗೆ ಯಾರು ಸಾಯುತ್ತಾರೆ ಅನ್ನುವುದೂ ಗೊತ್ತು. ಮಾತು ಮಾತ್ರ ಗೊತ್ತಿಲ್ಲ. 'ವಾಲಿವಧೆ'ಯಲ್ಲಿ ವಾಲಿಯ ಎದೆಗೆ ಬಾಣ ನಾಟಿರುತ್ತದೆ, ಕಥೆಯ ಪ್ರಕಾರ ಅವನು ಸೋತವನು. ಆದರೂ ಬಿದ್ದಲ್ಲಿಂದಲೇ ರಾಮನನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಬೆವರಿಳಿಸಬಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂಥ ಸೋಲುವ ಪಾತ್ರಗಳಲ್ಲಿ ಕೂತೇ ಸಭೆಯನ್ನು ಗೆದ್ದವರು. ಅಂಥವರನ್ನು ಕೇಳುವಾಗ ಗಮನಿಸಬೇಕಾದದ್ದು ಪಾಂಡಿತ್ಯವನ್ನಲ್ಲ, ಅದು ಒಂದು ಜನ್ಮದ ಸಂಪಾದನೆ. ಎದುರು ಕೂತವರ ಕೊನೆಯ ಮಾತು ಮುಗಿದ ಕ್ಷಣ ಇವರ ಮೊದಲ ಮಾತು ಎಲ್ಲಿಂದ ಏಳುತ್ತದೆ ಎಂಬುದನ್ನು ನೋಡಿ. ಹತ್ತರಲ್ಲಿ ಎಂಟು ಸಲ ಅದು ಎದುರಿನವರ ಮಾತಿನೊಳಗಿಂದಲೇ ಏಳುತ್ತದೆ.

ಕೈಗೆ ಸಿಗುವುದು ಎಷ್ಟು ಹೊತ್ತು?

ಸ್ವಲ್ಪ ಲೆಕ್ಕ ನೋಡೋಣ. ಬ್ಯಾಟಲ್‌ಗೆ ಹಾಕುವ ಹಳೇ ಮಾದರಿಯ ಬೀಟು ನಿಮಿಷಕ್ಕೆ ಹೆಚ್ಚುಕಡಿಮೆ 90 ಪೆಟ್ಟು. ನಾಲ್ಕು ಪೆಟ್ಟಿಗೆ ಒಂದು ಬಾರ್. ಅಂದರೆ ಒಂದು ಸಾಲಿಗೆ ಎರಡೂಮುಕ್ಕಾಲು ಸೆಕೆಂಡೂ ಇಲ್ಲ, ಹದಿನಾರು ಬಾರ್ ಮುಗಿಯಲು 43 ಸೆಕೆಂಡು ಸಾಕು. ಇಷ್ಟರಲ್ಲಿ ಯೋಚಿಸಿ, ಪ್ರಾಸ ಹುಡುಕಿ, ಹೇಳುವುದು ಯಾರಿಂದಲೂ ಆಗದು. ಬಲ್ಲವರು ಮಾಡುವುದೇ ಬೇರೆ. ಅವರು ಕೊನೆಯಿಂದ ಹಿಂದಕ್ಕೆ ಬರುತ್ತಾರೆ. ಎದುರಾಳಿ ಹೇಳುತ್ತಿರುವಾಗಲೇ ಪಂಚ್‌ನ ಕೊನೆಯ ಪದ ಹಿಡಿದಿಟ್ಟುಕೊಂಡು, ತಮ್ಮ ಸರದಿ ಬಂದಾಗ ಅದಕ್ಕೆ ಪ್ರಾಸವಾಗುವ ಸಾದಾ ಸಾಲನ್ನು ಮೊದಲು ಬಿಟ್ಟು, ನಂತರ ಪಂಚ್ ಇಳಿಸುತ್ತಾರೆ. ಬಾಯಿ ಮೊದಲ ಸಾಲಿನಲ್ಲಿದ್ದಾಗ ತಲೆ ಎರಡನೆಯದರಲ್ಲಿರುತ್ತದೆ. ಎದುರಾಳಿಯ ಸರದಿಯೇ ನಿಮ್ಮ ತಯಾರಿಯ ಹೊತ್ತು. ಆಗ ನೆಲ ನೋಡುತ್ತ ತಮ್ಮ ಸಾಲು ನೆನಪು ಮಾಡಿಕೊಳ್ಳುವವರು ಅರ್ಧ ಸೋತಂತೆಯೇ.

ಒಂದು ಉದಾಹರಣೆ. ಮುಂಬ್ರಾದ ಹುಡುಗ ಎದುರು ಬಂದರೆ ಮೊದಲ ಏಟು ಎಲ್ಲಿಗೆ ಬೀಳುತ್ತದೆ ಎಂದು ಊಹಿಸುವುದು ಕಷ್ಟವಲ್ಲ: ಟ್ರಾಫಿಕ್ಕು, ಗಲ್ಲಿ, ಕರೆಂಟು. ಶೀಳ್-ಮುಂಬ್ರಾ-ಕಳವಾ ಭಾಗದ ವಿದ್ಯುತ್ ವಿತರಣೆ 2020ರ ಮಾರ್ಚಿನಲ್ಲಿ ಟೊರೆಂಟ್ ಪವರ್‌ಗೆ ಹೋಯಿತು, ಆದರೆ ಲೋಡ್‌ಶೆಡ್ಡಿಂಗ್ ಜೋಕು ಮಾತ್ರ ಊರು ಬಿಟ್ಟಿಲ್ಲ. ಎದುರಾಳಿ ಹೀಗೆ ಎಸೆದ ಎಂದುಕೊಳ್ಳಿ:

ಮುಂಬ್ರಾದಿಂದ ಬಂದಿದ್ದೀಯ, ನಿಮ್ಮನೇಲಿ ಕರೆಂಟಿಲ್ಲ,
ಕತ್ತಲಲ್ಲಿ ಬರೆದ ಸಾಲು, ಅದಕ್ಕೇ ಒಂದೂ ನೆಟ್ಟಗಿಲ್ಲ.

ಸಿಟ್ಟಾಗಿ 'ನಮ್ಮೂರಲ್ಲಿ ಕರೆಂಟಿದೆ' ಎಂದು ವಾದಿಸಿದರೆ ಮುಗಿಯಿತು ಕಥೆ. ಜಾಣ ಒಪ್ಪಿಕೊಳ್ಳುತ್ತಾನೆ:

ಹೌದಪ್ಪ, ಕರೆಂಟಿರ್ಲಿಲ್ಲ, ಮೇಣದಬತ್ತೀಲಿ ಓದಿದ್ದೆ,
ನಿನ್ನ ಮುಖ ಕಂಡಿದ್ದಿದ್ರೆ ಆ ಬತ್ತೀನೂ ಊದ್ತಿದ್ದೆ.

ಇದರಲ್ಲಿ ಮೂರು ಕೆಲಸ ನಡೆದಿವೆ. ಎದುರಾಳಿ ಕೊಟ್ಟ ಕತ್ತಲನ್ನೇ ಸಾಮಗ್ರಿ ಮಾಡಿಕೊಂಡದ್ದರಿಂದ ಮನೆಯಿಂದ ಬರೆದು ತಂದದ್ದಲ್ಲ ಎಂದು ಸಭೆಗೆ ಗೊತ್ತಾಯಿತು. 'ಹೌದಪ್ಪ' ಎಂದು ಒಪ್ಪಿದ್ದರಿಂದ ಆ ವಿಷಯಕ್ಕೆ ಅವನು ಮತ್ತೆ ಬರುವ ಬಾಗಿಲು ಮುಚ್ಚಿತು. 2002ರ '8 ಮೈಲ್' ಸಿನಿಮಾದ ಕೊನೆಯ ಬ್ಯಾಟಲ್ ನೋಡಿದವರಿಗೆ ಈ ಪಟ್ಟು ಗೊತ್ತು. ಎಮಿನೆಮ್‌ನ ಪಾತ್ರ ತನ್ನ ಬಡತನ, ಸೋಲು, ಅವಮಾನ ಎಲ್ಲವನ್ನೂ ತಾನೇ ಮೊದಲು ಹೇಳಿಬಿಡುತ್ತದೆ, ಎದುರಾಳಿಯ ಬಾಯಿಗೆ ಹಾಕಲು ಏನೂ ಉಳಿಯುವುದಿಲ್ಲ.

ಮೂರನೆಯದು ಪ್ರಾಸದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ 'ಬರ್ತೀನಿ, ಹೋಗ್ತೀನಿ, ಹೊಡೀತೀನಿ' ಎಂದು ಎಷ್ಟು ಬೇಕಾದರೂ ಪ್ರಾಸ ಸುರಿಯಬಹುದು. ಹಿಂದಿಯವರಿಗೆ 'ಹೈ' ಇದ್ದಂತೆ. ಇದು ಪುಕ್ಕಟೆ ಪ್ರಾಸ, ಕೇಳುವವರ ಕಿವಿಗೆ ಎರಡೇ ಸಾಲಿನಲ್ಲಿ ಸಪ್ಪೆ. ಓದು-ಊದು ಎಂದು ಕ್ರಿಯಾಪದದ ಬೇರೇ ಒಂದಕ್ಕೊಂದು ತಾಗಿದಾಗ ಮಾತ್ರ ಕಿಡಿ ಹಾರುತ್ತದೆ. ಸಾಲಿನ ಆರಂಭದ ಎರಡನೇ ಅಕ್ಷರದಲ್ಲಿ ಪ್ರಾಸ ಹಿಡಿಯುವುದು ನಮ್ಮ ಹಳೇ ಕವಿಗಳ ಪದ್ಧತಿ. ಬೀಟಿನ ಮೇಲೆ ಅದನ್ನು ಪ್ರಯೋಗಿಸಿ ನೋಡಿ. ತುದಿ ಪ್ರಾಸಕ್ಕೆ ಒಗ್ಗಿದ ಕಿವಿಗಳಿಗೆ ಅದು ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ.

ಅವಧಾನಿಗಳಿಂದ ಕದಿಯಬಹುದಾದದ್ದು

ಅಭ್ಯಾಸಕ್ಕೆ ಜಿಮ್ ಬೇಕಲ್ಲ. ಅದು ಅಷ್ಟಾವಧಾನದಲ್ಲಿ, ಹಲವರ ಕಾಟ ತಡೆದುಕೊಂಡೇ ಸ್ಥಳದಲ್ಲಿ ಪದ್ಯ ಕಟ್ಟುವ ಕಲೆಯಲ್ಲಿ, ಸಿದ್ಧವಾಗಿಯೇ ಇದೆ. ಶತಾವಧಾನಿ ಆರ್. ಗಣೇಶ್ 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದವರು. ಅವರ ಛಂದಸ್ಸಿನ ಬಿಗಿ ನಮ್ಮ ಹುಡುಗರಿಂದ ಆಗದ ಮಾತು, ಬೇಕಾಗಿಯೂ ಇಲ್ಲ. ಪೃಚ್ಛಕರು, ಅಂದರೆ ಅವಧಾನಿಗೆ ಪ್ರಶ್ನೆ ಹಾಕುವವರು, ಕೊಡುವ ಕಾಟಗಳನ್ನಷ್ಟೇ ಎರವಲು ತರೋಣ.

ದತ್ತಪದಿಯಲ್ಲಿ ಸಂಬಂಧವಿಲ್ಲದ ನಾಲ್ಕು ಪದ ಕೊಟ್ಟು ಪದ್ಯ ಕಟ್ಟು ಅನ್ನುತ್ತಾರೆ. ಗೆಳೆಯರಿಗೆ ಹೇಳಿ, 'ವಡಾಪಾವ್, ಪಾಸು, ಕೊಡೆ, ಇಎಂಐ' ಅಂತ ಕೊಡಲಿ. ನಾಲ್ಕು ಸಾಲಿನಲ್ಲಿ ನಾಲ್ಕನ್ನೂ ತಂದು, ಎದುರು ನಿಂತವನಿಗೆ ತಾಗಿಸಿ. ನಿಷೇಧಾಕ್ಷರಿಯಲ್ಲಿ ಮುಂದಿನ ಅಕ್ಷರ ಇದಾಗಬಾರದು ಎಂದು ತಡೆಯುತ್ತಾರೆ. ನಾವು ಅಕ್ಷರದ ಬದಲು ಚಟದ ಪದಗಳನ್ನು ತಡೆಯೋಣ. 'ಭಾಯ್', 'ಯಾರ್', 'ಸಮ್‌ಝಾ ಕ್ಯಾ' ಅಂದರೆ ಸೋತಂತೆ. ಒಂದು ತಿಂಗಳು ಹೀಗೆ ಆಡಿದರೆ ಸಾಲುಗಳಿಂದ ಎಷ್ಟು ಭೂಸಾ ಉದುರುತ್ತದೆ ನೋಡಿ.

ನನ್ನ ಮಟ್ಟಿಗೆ ಇವೆಲ್ಲದರ ರಾಜ ಅಪ್ರಸ್ತುತ ಪ್ರಸಂಗ. ಅವಧಾನಿ ಗಂಭೀರವಾಗಿ ಪದ್ಯ ಕಟ್ಟುತ್ತಿದ್ದಾಗ ಒಬ್ಬ ಎದ್ದು 'ಸ್ವಾಮಿ, ನಿಮ್ಮ ಮನೇಲಿ ಇವತ್ತು ಬೆಂಡೆಕಾಯಾ?' ಎಂಬ ಧಾಟಿಯ ಅಡ್ಡಪ್ರಶ್ನೆ ಹಾಕುತ್ತಾನೆ. ತಕ್ಷಣ ನಗು ಬರುವಂತೆ ಉತ್ತರಿಸಬೇಕು, ಕೈಯಲ್ಲಿದ್ದ ಪದ್ಯವೂ ತಪ್ಪಿಹೋಗಬಾರದು. ಬ್ಯಾಟಲ್‌ನ ಗಲಾಟೆಗೆ ಇದಕ್ಕಿಂತ ಒಳ್ಳೆಯ ತಾಲೀಮು ನಾನು ಕಂಡಿಲ್ಲ. ಬೀಟ್ ಹಾಕಿ ಹೇಳುತ್ತಾ ಹೋಗಿ. ತಂಗಿಯೋ ಪಕ್ಕದ ಮನೆಯ ಹುಡುಗನೋ ನಡುನಡುವೆ ಬೇಕಾಬಿಟ್ಟಿ ಪ್ರಶ್ನೆ ಎಸೆಯಲಿ. ಮುಂದಿನ ಬಾರ್‌ನಲ್ಲೇ ಉತ್ತರ ಬರಬೇಕು. ಚಿಕ್ಕ ಮಕ್ಕಳಾದರೆ ಇನ್ನೂ ಚೆನ್ನು, ಅವರಿಗೆ ಕರುಣೆ ಇರುವುದಿಲ್ಲ.

ಲೋಕಲ್‌ನಲ್ಲೂ ಒಂದು ಆಟ ಆಡಬಹುದು. ಠಾಣೆ ಬಿಟ್ಟರೆ ಕಲ್ಯಾಣಕ್ಕೆ ಮುಂಚೆ ನಿಧಾನಗಾಡಿಗೆ ಆರು ನಿಲ್ದಾಣ: ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ. ಮುಂದಿನ ನಿಲ್ದಾಣದ ಹೆಸರಿಗೆ ಪ್ರಾಸ ಹಿಡಿದು, ಕಿಟಕಿಯಲ್ಲಿ ಕಂಡದ್ದನ್ನೇ ಸಾಲು ಮಾಡುತ್ತ ಹೋಗುವುದು. ಮನಸ್ಸಿನಲ್ಲೇ ಮಾಡಿ, ಬಾಗಿಲಲ್ಲಿ ನೇತಾಡುತ್ತ ಖಂಡಿತ ಬೇಡ. ಡಬ್ಬಿಯಲ್ಲಿ ಗಟ್ಟಿ ದನಿಯ ಹಕ್ಕು ಭಜನಾ ಮಂಡಳಿಯವರದು, ಅವರ ತಾಳಕ್ಕೇ ಸಾಲು ಕೂರಿಸಿದರೆ ಬೀಟೂ ಪುಕ್ಕಟೆ.

ಯಾವ ಅಭ್ಯಾಸಕ್ಕೂ ಒಂದೇ ಕಟ್ಟುನಿಟ್ಟು: ನಿಲ್ಲಬಾರದು. ತಪ್ಪಾಗಲಿ, ಪ್ರಾಸ ಕೈಕೊಡಲಿ, ಅರ್ಥ ಕೆಡಲಿ, ಬೀಟ್ ಮುಗಿಯುವ ತನಕ ಬಾಯಿ ನಡೆಯುತ್ತಿರಬೇಕು. ಇದಕ್ಕೊಂದು ಕಾರಣವಿದೆ. 2012ರಲ್ಲಿ ಅಮೆರಿಕದ ಸಂಶೋಧಕರು 12 ಮಂದಿ ರ‍್ಯಾಪರ್‌ಗಳನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ, ಬಾಯಿಪಾಠದ ಸಾಲು ಹೇಳುವಾಗಲೂ ಫ್ರೀಸ್ಟೈಲ್ ಮಾಡುವಾಗಲೂ ಮಿದುಳನ್ನು ನೋಡಿದರು. ಫ್ರೀಸ್ಟೈಲ್ ಹೊತ್ತಿನಲ್ಲಿ ಮಿದುಳಿನ ಮುಂಭಾಗದ ನಡುವಣ ಪಟ್ಟಿ ಚುರುಕಾಗಿ, ತನ್ನನ್ನು ತಾನೇ ಅಳೆದು ತಡೆಯುವ ಪಕ್ಕದ ಭಾಗ ಮಂಕಾಗಿತ್ತು. ಒಳಗಿನ ಮೇಷ್ಟ್ರು ಸ್ವಲ್ಪ ಹೊತ್ತು ಹೊರಗೆ ಹೋಗಬೇಕು. ನಡುವೆ ನಿಂತು ತಿದ್ದಿಕೊಳ್ಳುವ ಚಟ ಬೆಳೆಸಿಕೊಂಡವರಿಗೆ ಆ ಮೇಷ್ಟ್ರು ವೇದಿಕೆಯ ಮೇಲೂ ಬರುತ್ತಾರೆ. ಆಗ ಆಗುವುದೇ ಚೋಕ್. 'ಗಲ್ಲಿ ಬಾಯ್'ನಲ್ಲಿ ನಾಯಕ ಮುರಾದ್ ಮೊದಲ ಬ್ಯಾಟಲ್‌ನಲ್ಲಿ ಮಾತು ಹೊರಡದೆ ನಿಂತದ್ದು ನೆನಪಿರಬಹುದು. ನಿಮಗೂ ಹಾಗಾದರೆ ಮರೆತ ಸಾಲನ್ನು ಹುಡುಕಲು ಹೋಗಬೇಡಿ. ಎದುರಾಳಿಯ ಚಪ್ಪಲಿಯೋ ಜಡ್ಜ್ ಕೈಯ ಚಹಾ ಕಪ್ಪೋ, ಕಣ್ಣಿಗೆ ಬಿದ್ದದ್ದರಿಂದ ಶುರು ಮಾಡಿ. ತನ್ನ ಚೋಕ್ ಮೇಲೆ ತಾನೇ ಜೋಕ್ ಮಾಡಿದವರನ್ನು ಸಭೆ ಕೈಬಿಡುವುದಿಲ್ಲ.

ಬಟ್ಟೆ, ಹೇರ್‌ಸ್ಟೈಲು, ಹೆಸರಿನ ಮೇಲಿನ ಜೋಕುಗಳು ಬೇಗ ಸಿಗುತ್ತವೆ, ಬೇಗ ಹಳಸುತ್ತವೆ. ನಿಮ್ಮ ಎದುರಾಳಿ ತನ್ನ ಹೆಸರಿನ ಜೋಕನ್ನು ಒಂದನೇ ಕ್ಲಾಸಿನಿಂದ ಕೇಳಿದ್ದಾನೆ. ಅದಕ್ಕಿಂತ ಬೆಲೆ ಬಾಳುವುದು ಹಿಂದಿನ ಮಾತಿಗೆ ಮರಳುವುದು. ಮೊದಲ ರೌಂಡಿನ ಮೇಣದಬತ್ತಿಯನ್ನು ಮೂರನೇ ರೌಂಡಿನಲ್ಲಿ ಮತ್ತೆ ಹಚ್ಚಿದರೆ ಸಾಲು ಸಾಧಾರಣವಾಗಿದ್ದರೂ ನಗು ಇಮ್ಮಡಿ. ಇನ್ನು ನಗು ಬಂದಾಗ ಅದರ ಮೇಲೆ ಮಾತು ಸುರಿಯಬೇಡಿ, ಮುಂದಿನ ಸಾಲು ಯಾರಿಗೂ ಕೇಳಿಸುವುದಿಲ್ಲ. ಪಂಚ್ ಆದ ಮೇಲೆ ಒಂದು ಬಾರ್ ಖಾಲಿ ಬಿಡಿ, ಇಲ್ಲವೇ ಕಳೆದುಹೋದರೂ ನಷ್ಟವಿಲ್ಲದ ಸಾಲಿನಿಂದ ತುಂಬಿ. ನೀವು ಮಾತ್ರ ನಗಬಾರದು.

ಎಲ್ಲಿಗೆ ನಿಲ್ಲಬೇಕು

ಅವ್ವ-ಅಕ್ಕಂದಿರನ್ನು ಎಳೆದು ತರುವ ಬೈಗುಳಕ್ಕೂ ಕಿರುಚಾಟ ಸಿಗುತ್ತದೆ, ನಿಜ. ನಗು ಸಿಗುವುದು ಕಡಿಮೆ. ಎಲ್ಲರೂ ಕಾಯುತ್ತಿರುವ ಪದದಲ್ಲಿ ಅಚ್ಚರಿ ಎಲ್ಲಿಂದ ಬರಬೇಕು? ಹುಡುಗಿ ಎದುರಾಳಿಯಾದರಂತೂ ಕೆಲವರಿಗೆ ಬೇರೆ ವಿಷಯವೇ ಹೊಳೆಯುವುದಿಲ್ಲ. ಸುಲಭದಲ್ಲಿ ಸೋಲುವವರೂ ಅವರೇ. ರಾಕ್ಸಾನ್ ಶಾಂಟೆ 1984ರಲ್ಲಿ ನ್ಯೂಯಾರ್ಕಿನ ದೊಡ್ಡ ಹುಡುಗರ ಹಾಡಿಗೆ ಉತ್ತರ ಕೊಟ್ಟು ಹೆಸರಾದಾಗ ಅವಳಿಗೆ ಹದಿನಾಲ್ಕು ವರ್ಷ.

ಮುಂಬ್ರಾದವರಿಗೆ ಇನ್ನೊಂದು ತೊಡಕು. 1992–93ರ ಗಲಭೆಗಳ ನಂತರ ಮುಂಬಯಿಯಿಂದ ಬಂದ ಮುಸ್ಲಿಂ ಕುಟುಂಬಗಳಿಂದ ತುಂಬಿ ಬೆಳೆದ ಊರು ಇದು. ಹೆಸರು ಕೇಳಿದ ಕೂಡಲೇ ಧರ್ಮದ ಕಡೆ ಕೈ ತೋರಿಸುವ ಸಾಲು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅದಕ್ಕೆ ಅದೇ ಧಾಟಿಯಲ್ಲಿ ಉತ್ತರಿಸಿದರೆ ಬ್ಯಾಟಲ್ ಅಲ್ಲಿಗೆ ಮುಗಿದು ಬೇರೇನೋ ಶುರುವಾಗುತ್ತದೆ. 'ಇಷ್ಟು ಹಳೇ ಸಾಲಿಗೆ ಇಷ್ಟು ದೂರ ಬಂದ್ಯಾ?' ಎಂಬಂಥ ಒಂದೇ ಮಾತಿನಲ್ಲಿ ಅದನ್ನು ಬದಿಗೆ ತಳ್ಳಿ, ಅವನ ಪ್ರಾಸದ ಬಡತನಕ್ಕೆ ಕೈ ಹಾಕಿ. ನೀವಾಗಿ ಆ ದಾರಿ ಹಿಡಿಯಲೇಬೇಡಿ. ಎಲ್ಲರ ಕೈಯಲ್ಲೂ ಫೋನಿದೆ. ದಿಲ್ಲಿಯ ರ‍್ಯಾಪರ್ ಒಬ್ಬನ ವರ್ಷಗಳ ಹಿಂದಿನ ಬ್ಯಾಟಲ್ ವಿಡಿಯೊ 2021ರಲ್ಲಿ ಮತ್ತೆ ಹರಿದಾಡಿ, ಬೆದರಿಕೆಗಳ ನಡುವೆ ಅವನು ಕಾಣೆಯಾಗಿ, ಪೊಲೀಸರು ಮಧ್ಯಪ್ರದೇಶದಲ್ಲಿ ಪತ್ತೆ ಹಚ್ಚಬೇಕಾಯಿತು. 2023ರ ಏಪ್ರಿಲಿನಲ್ಲಿ ರಾಜಕೀಯ ರ‍್ಯಾಪ್ ಹಾಡಿಗಾಗಿ ರಾಜ್ ಮುಂಗಾಸೆ ಮೇಲೆ ಪ್ರಕರಣ ದಾಖಲಾದದ್ದು ಇಲ್ಲೇ ಅಂಬರನಾಥದಲ್ಲಿ. ರಾಜಕೀಯ ಹಾಡಬೇಡಿ ಎಂದು ನಾನು ಹೇಳುವುದಿಲ್ಲ. ಸಾಲನ್ನು ನಾಳೆ ಬೆಳಿಗ್ಗೆಯೂ ನಿಮ್ಮದೇ ಎಂದು ಒಪ್ಪಿಕೊಳ್ಳುವ ಧೈರ್ಯವಿದ್ದರೆ ಹೇಳಿ.

ಭಾಷೆಯ ಮಾತು ಒಂದಿದೆ. ಇಲ್ಲಿನ ಸಭೆ ಹಿಂದಿ-ಮರಾಠಿಯದು, ಪೂರ್ತಿ ಕನ್ನಡದ ರೌಂಡು ಇಲ್ಲಿ ನಡೆಯುವುದಿಲ್ಲ. ಆದರೆ ಹಿಂದಿಯ ನಡುವೆ ಒಂದೇ ಒಂದು ಕನ್ನಡದ ಏಟು ಬಿಟ್ಟು, ಎದುರಾಳಿ ಕಣ್ಣು ಕಣ್ಣು ಬಿಡುವಾಗ ಮುಂದಿನ ಬಾರ್‌ನಲ್ಲಿ 'ಅರ್ಥ ಆಗ್ಲಿಲ್ವಾ? ಒಳ್ಳೇದಾಯ್ತು, ಇಲ್ದಿದ್ರೆ ಅತ್ತುಬಿಡ್ತಿದ್ದೆ' ಎಂದು ಹಿಂದಿಯಲ್ಲಿ ಹೇಳಿದರೆ ಭಾಷೆ ಬರದವರೂ ನಗುತ್ತಾರೆ. ಒಂದು ಬ್ಯಾಟಲ್‌ಗೆ ಒಮ್ಮೆ ಮಾತ್ರ, ಎರಡನೇ ಸಲಕ್ಕೆ ಅದು ಓಡುವುದಿಲ್ಲ.

ಮೊದಲ ಸಲ ನೇರ ಬ್ಯಾಟಲ್‌ಗೆ ಇಳಿಯುವುದಕ್ಕಿಂತ ಸೈಫರ್‌ನಿಂದ ಶುರು ಮಾಡಿ. ನಾಲ್ಕಾರು ಜನ ವೃತ್ತವಾಗಿ ನಿಂತು, ಒಬ್ಬ ಬೀಟ್‌ಬಾಕ್ಸ್ ಮಾಡುತ್ತ ಸರದಿಯಂತೆ ಹೇಳುವ ಕೂಟ ಅದು, ಅಲ್ಲಿ ಸೋಲು ಗೆಲುವಿಲ್ಲ. ಮೊದಲೆರಡು ಕೂಟಗಳಲ್ಲಿ ಬಾಯಿ ಬಿಡದೆ ಕೇಳಿದರೂ ಯಾರೂ ಬೇಸರಿಸುವುದಿಲ್ಲ. ಬ್ಯಾಟಲ್‌ಗೆ ಹೋಗುವ ದಿನ ಬರೆದ ಸಾಲು ಎಂಟು ಇಟ್ಟುಕೊಂಡರೆ ಸಾಕು, ಉಳಿದ ಜಾಗ ಎದುರಾಳಿಗೆ ಬಿಡಿ. ರೌಂಡಿನ ಆರಂಭದಲ್ಲಿ ಅವನ ಮಾತಿಗೆ ಉತ್ತರ, ಬರೆದದ್ದೆಲ್ಲ ಆಮೇಲೆ. ಗೆಳೆಯನಿಂದ ವಿಡಿಯೊ ಮಾಡಿಸಿಕೊಂಡು ಮರುದಿನ ನೋಡಿ, ನಿಮ್ಮ ಸರದಿಯನ್ನಲ್ಲ, ಎದುರಾಳಿಯದನ್ನು. ಅವನು ಬಿಟ್ಟುಕೊಟ್ಟು ನೀವು ಹಿಡಿಯದೇ ಹೋದ ಪದಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಒಂದೊಂದಕ್ಕೂ ಉತ್ತರ ಕಟ್ಟಿ. ಬ್ಯಾಟಲ್ ಮುಗಿದ ಮೇಲೆ ಎದುರಾಳಿಯ ಕೈ ಕುಲುಕಿ ಹೊರಡಿ. ಅವನೂ ಸೆಂಟ್ರಲ್ ಲೈನಿನವನೇ ಆಗಿದ್ದರೆ ಕೊನೆಯ ಲೋಕಲ್‌ನಲ್ಲಿ ಪಕ್ಕದಲ್ಲೇ ಕೂರಬೇಕಾಗುತ್ತದೆ.